ಐದು ಬಾಟಲಿಯಲ್ಲಿ ನಾಲ್ಕನ್ನು ಯಾಕೆ ಬಚ್ಚಿಡಬೇಕು?

ಕೆಮಿಸ್ಟ್ರಿ ಲ್ಯಾಬಿನ ಕಿಟಕಿ ಪಕ್ಕದ ಕಟ್ಟೆ ಮೇಲೆ ನಮ್ಮ ಐದು ಪುಟ್ಟ ಬಾಟಲಿಗಳು ಕೂತಿವೆ. ಐದಕ್ಕೂ ಒಂದೇ ಲೇಬಲ್: ಜಿಂಕ್ ಆಕ್ಸೈಡ್. ಐದನ್ನೂ ಒಂದೇ ರೆಸಿಪಿ ಅಂದ್ಕೊಂಡೇ ಮಾಡಿದ್ದು, ಒಂದೇ ಮೈಕ್ರೋವೇವ್ ಓವನ್‌ನಲ್ಲಿ. ಆದರೂ ಮೊದಲನೇದು ಒಲೆ ಬೂದಿಯ ಬಣ್ಣ. ಎರಡನೇದು ಹತ್ತಿಯ ಹಾಗೆ ಬೆಳ್ಳಗೆ, ಬಾಟಲಿ ಅಲ್ಲಾಡಿಸಿದರೆ ಒಳಗೇ ಹಾರಾಡುತ್ತೆ. ಮೂರನೇದರಲ್ಲಿ ಚಿಟಿಕೆಯಷ್ಟೇ ಇದೆ, ಉಳಿದದ್ದನ್ನ ಓವನ್ನಿನ ಚಾವಣಿಯಿಂದ ಕೆರೆದು ತೆಗೆಯಬೇಕಾಯ್ತು. ನಾಲ್ಕನೇದು ಪುಡಿಯೇ ಅಲ್ಲ, ಸೀದುಹೋದ ಬೆಲ್ಲದ ಪಾಕದ ಥರ ಕಂದು ಅಂಟು. ಐದನೇದು ಅರ್ಧ ಬಿಳಿ, ಅರ್ಧ ಬೂದು.

ನಮ್ಮ ಮಿನಿ ಪ್ರಾಜೆಕ್ಟ್ ಪಿಪಿಟಿಯ ಮೊದಲ ಡ್ರಾಫ್ಟ್‌ನಲ್ಲಿ ಇದ್ದದ್ದು ಎರಡನೇ ಬಾಟಲಿಯ ಫೋಟೋ ಮಾತ್ರ. ಉಳಿದ ನಾಲ್ಕು ಡ್ರಾಯರ್ ಸೇರಿದ್ವು. ಒಬ್ಬ ಸೀನಿಯರ್ ಕೊಟ್ಟ ಸಲಹೆಯೂ ಅದೇ: "ಒಳ್ಳೇದೊಂದು ಬಂತಲ್ಲ, ಅದನ್ನ ಎಕ್ಸ್‌ಆರ್‌ಡಿಗೆ ಕಳ್ಸಿ ಮುಗಿಸ್ರೋ." ಅವರನ್ನ ಬೈಯೋಕೆ ಇದನ್ನ ಬರೀತಿಲ್ಲ, ಅವರಿಗೂ ಅವರ ಸೀನಿಯರ್ ಹೀಗೇ ಹೇಳಿರ್ತಾರೆ. ಆದರೆ ನಾವು ನಾಲ್ಕು ಜನ ಕೂತು ಜಗಳ ಆಡಿ, ಕೊನೆಗೆ ಡ್ರಾಯರ್‌ನಿಂದ ನಾಲ್ಕೂ ಬಾಟಲಿ ಹೊರಗೆ ತೆಗೆದ್ವಿ. ಯಾಕೆ ಅನ್ನೋದನ್ನ ಹೇಳ್ತೀವಿ. (ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರ ಕನ್ನಡ ಇದು. ಒತ್ತಕ್ಷರ ಎಡವಿದ್ದರೆ ಎಡಿಟರ್ ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀವಿ.)

ಮೊದಲು, ಆ ಓವನ್ ಒಳಗೆ ಆಗೋದೇನು? ಇದನ್ನ ನಾವು ಇಂಗ್ಲಿಷಲ್ಲಿ ಮೂರು ಸ್ಲೈಡ್ ತುಂಬಾ ಬರೆದಿದ್ವಿ. ದಸರಾ ರಜೆಗೆ ಊರಿಗೆ ಹೋದಾಗ ನಮ್ಮಲ್ಲೊಬ್ಬಳ ಅಜ್ಜಿ, "ಅದೇನೇ ಮಾಡ್ತೀರಿ ಕಾಲೇಜಲ್ಲಿ?" ಅಂದ್ರು. ಇವಳು ಉತ್ಸಾಹದಲ್ಲಿ ಹೇಳಿದ್ಲು, ಪುಡಿ ಕರಗಿಸಿ ಓವನ್‌ನಲ್ಲಿ ಇಟ್ರೆ ನೀರೆಲ್ಲ ಆರಿ ಆಮೇಲೆ ಭಗ್ ಅಂತ ಹತ್ಕೊಳ್ಳುತ್ತೆ ಅಜ್ಜಿ, ಅಂತ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಆ ಡಬ್ಬದೊಳಗೆ ಬೆಂಕೀನೇ ಇಲ್ವಲ್ಲೇ, ಮತ್ತೆ ಹತ್ಕೊಳ್ಳೋದು ಹೇಗೆ?"

ಇವಳ ಬಾಯಲ್ಲಿ ಉತ್ತರ ಇರಲಿಲ್ಲ. ಫೋನ್ ಮಾಡಿ ನಮ್ಮನ್ನ ಕೇಳಿದ್ಲು, ನಮ್ಮತ್ರಾನೂ ಇರಲಿಲ್ಲ. "ಎಕ್ಸೋಥರ್ಮಿಕ್, ಸೆಲ್ಫ್ ಸಸ್ಟೇನಿಂಗ್" ಅನ್ನೋ ಪದಗಳು ಇದ್ವು, ಅಷ್ಟೇ. ಪದ ಇತ್ತು, ವಿಷಯ ಇರಲಿಲ್ಲ. ಎರಡು ದಿನ ಓದಿ ಅಜ್ಜಿಗೆ ಒಪ್ಪಿಸಿದ ಉತ್ತರ ಇದು. ನಾವು ತಗೊಳ್ಳೋದು ಎರಡೇ ಸಾಮಾನು, ಜಿಂಕ್ ನೈಟ್ರೇಟ್ ಮತ್ತು ಗ್ಲೈಸಿನ್. ನೈಟ್ರೇಟ್ ಅಂದ್ರೆ ಪಟಾಕಿಗೆ ಹಾಕೋ ಪೆಟ್ಲುಪ್ಪಿನ ಜಾತಿ. ಉರಿಯೋಕೆ ಬೇಕಾದ ಆಮ್ಲಜನಕವನ್ನ ತನ್ನ ಒಳಗೇ ಕಟ್ಟಿಕೊಂಡು ಕೂತಿರುತ್ತೆ, ಹೊರಗಿನ ಗಾಳಿಯನ್ನ ಕಾಯೋದಿಲ್ಲ. ಗ್ಲೈಸಿನ್ ಒಂದು ಅಮೈನೋ ಆಮ್ಲ, ನಮ್ಮ ಲೆಕ್ಕದಲ್ಲಿ ಅದು ಸೌದೆ. ಎರಡನ್ನೂ ನೀರಲ್ಲಿ ಕರಗಿಸಿದರೆ ಸೌದೆ ಮತ್ತು ಆಮ್ಲಜನಕ ಒಂದಕ್ಕೊಂದು ಮೈತಾಗಿಸಿ ನಿಂತ ಹಾಗೆ. ನೀರು ಆವಿಯಾಗೋವರೆಗೂ ಏನೂ ಆಗಲ್ಲ. ನೀರು ಹೋಗಿ ಪಾಕ ಗಟ್ಟಿಯಾಗಿ, ಬಿಸಿ ಒಂದು ಮಟ್ಟ ದಾಟಿದ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಉರಿ ಶುರುವಾಗುತ್ತೆ. ಆ ಉರಿಯ ಬಿಸಿಯೇ ಪಕ್ಕದ್ದನ್ನ ಹೊತ್ತಿಸುತ್ತೆ. ಓವನ್ ಕೊಡೋದು ಬರೀ ಮೊದಲ ತಳ್ಳು.

ಅಜ್ಜಿ "ಓ, ಬಿಳಿಗಾರ ಅರಳಿಸಿದ ಹಾಗೆ" ಅಂದ್ರಂತೆ. ಮೊದಲೆಲ್ಲ ಕೆಂಡದ ಮೇಲೆ ಬಿಳಿಗಾರ ಇಟ್ರೆ ಅದು ಉಬ್ಬಿ ಮಂಡಕ್ಕಿ ಥರ ಹಗುರಾಗೋದು, ಮಕ್ಕಳ ಬಾಯಿಹುಣ್ಣಿಗೆ ಹಚ್ಚೋರು. (ಈಗ ಡಾಕ್ಟರು ಬೈತಾರೆ, ಹಚ್ಚಬೇಡಿ.) ಹೋಲಿಕೆ ಅರ್ಧ ಸರಿ. ಬಿಳಿಗಾರ ಅರಳೋದು ಒಳಗಿನ ನೀರು ಆವಿಯಾಗಿ ಹೊರಬರೋದರಿಂದ, ಅಲ್ಲಿ ಉರಿ ಇಲ್ಲ. ನಮ್ಮದರಲ್ಲಿ ಉರಿಯೂ ಇದೆ, ಗ್ಯಾಸೂ ಇದೆ. ಆದರೆ ಫಲ ಒಂದೇ: ಒಳಗಿಂದ ನುಗ್ಗೋ ಗ್ಯಾಸ್ ಗಟ್ಟಿ ಪದಾರ್ಥವನ್ನ ಹರಿದು ನೊರೆ ಮಾಡಿಬಿಡುತ್ತೆ. ನ್ಯಾನೋ ಕಣ ಹುಟ್ಟೋದಕ್ಕೆ ಕಾರಣವೇ ಇದು. ಬಿಸಿ ಒಂದು ಕ್ಷಣ ಜೋರಾಗಿ ಏರುತ್ತೆ, ಹರಳು ಕಟ್ಟೋಕೆ ಅಷ್ಟು ಸಾಕು. ಆದರೆ ಹರಳು ದೊಡ್ಡದಾಗಿ ಬೆಳೆಯೋಕೆ ಸಮಯ ಸಿಗಲ್ಲ, ಗ್ಯಾಸ್ ಬಿಸಿಯನ್ನೂ ಹೊತ್ತುಕೊಂಡು ಓಡಿಹೋಗುತ್ತೆ.

ನಮ್ಮ ಒಂದು ಬ್ಯಾಚ್‌ನ ಲೆಕ್ಕ ನೋಡಿ. 5.95 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್, 1.67 ಗ್ರಾಂ ಗ್ಲೈಸಿನ್. ಎಲ್ಲಾ ಸರಿಯಾಗಿ ನಡೆದರೆ ಸಿಗೋ ಜಿಂಕ್ ಆಕ್ಸೈಡ್ 1.63 ಗ್ರಾಂ. ಅದರ ಜೊತೆ ಹೊರಬರೋ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ನೀರಾವಿ ಸೇರಿಸಿದರೆ ರೂಮಿನ ಉಷ್ಣತೆಯಲ್ಲಿ ಅಳೆದರೂ ಮೂರು ಲೀಟರ್ ದಾಟುತ್ತೆ. ಬಿಸಿಯಲ್ಲಿ ಅದರ ಹಲವು ಪಟ್ಟು. ಇದು ಗೊತ್ತಿದ್ದಿದ್ದರೆ ಮೂರನೇ ಬ್ಯಾಚನ್ನ ಕಿರಿದಾದ ಬೀಕರ್‌ನಲ್ಲಿ ಇಡ್ತಿರಲಿಲ್ಲ. ಪುಡಿ ಚಾವಣಿಗೆ ಹಾರಿದ್ದು ಓವನ್ನಿನ ತಪ್ಪಲ್ಲ, ನಮ್ಮ ಲೆಕ್ಕದ್ದು.

ಆ 1.67 ಗ್ರಾಂ ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಚಂದದ ಕಥೆ ಇದೆ, ಅದೂ ಬೆಂಗಳೂರಿನದ್ದೇ. 1981ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದ್ರೆ ಬೆಂಗಳೂರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ, ಜೈನ್, ಅಡಿಗ ಮತ್ತು ಪೈ ವರ್ಣೇಕರ್ ಅನ್ನೋ ಮೂವರು ಇಂಧನ ಮತ್ತು ಆಕ್ಸಿಡೈಸರ್ ಮಿಶ್ರಣವನ್ನ ಸುಲಭವಾಗಿ ಲೆಕ್ಕ ಹಾಕೋ ದಾರಿ ಬರೆದ್ರು. ರಾಕೆಟ್ ಇಂಧನದವರಿಗೆ ಬೇಕಾದ ಲೆಕ್ಕ ಅದು. ಕಾರ್ಬನ್‌ಗೆ 4, ಹೈಡ್ರೋಜನ್‌ಗೆ 1, ಆಮ್ಲಜನಕಕ್ಕೆ ಮೈನಸ್ 2, ನೈಟ್ರೋಜನ್‌ಗೆ ಸೊನ್ನೆ, ಲೋಹಕ್ಕೆ ಅದರ ವೇಲೆನ್ಸಿ. ಕೂಡಿಸಿ. ಜಿಂಕ್ ನೈಟ್ರೇಟ್‌ಗೆ ಮೈನಸ್ 10 ಬರುತ್ತೆ, ಗ್ಲೈಸಿನ್‌ಗೆ 9, ಯೂರಿಯಾಗೆ 6. ಸಾಲ ಮತ್ತು ಜಮೆ ಸಮ ಆಗಬೇಕಾದರೆ ಒಂದು ಮೋಲ್ ಜಿಂಕ್ ನೈಟ್ರೇಟ್‌ಗೆ ಒಂಬತ್ತನೇ ಹತ್ತು, ಅಂದ್ರೆ 1.11 ಮೋಲ್ ಗ್ಲೈಸಿನ್ ಬೇಕು. ಕಿರಾಣಿ ಅಂಗಡಿ ಲೆಕ್ಕದಷ್ಟು ಸುಲಭ. ನಮ್ಮ ಫಸ್ಟ್ ಇಯರ್ ಕೆಮಿಸ್ಟ್ರಿಯ ಎಷ್ಟೋ ಡೆರಿವೇಶನ್‌ಗಿಂತ ಇದು ಉಪಯೋಗಕ್ಕೆ ಬರುತ್ತೆ.

ಮುಂದೆ ಅದೇ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲರು ಮತ್ತು ಅವರ ಜೊತೆ ಕಿಂಗ್‌ಸ್ಲಿ ಈ ಲೆಕ್ಕವನ್ನ ಲೋಹದ ಆಕ್ಸೈಡ್‌ಗಳಿಗೆ ತಂದ್ರು. 1988ರಲ್ಲಿ ಪ್ರಕಟವಾದ ಅವರ ಪೇಪರ್‌ನಲ್ಲಿ ಇರೋದು ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾ, ಹೌದು, ಗೊಬ್ಬರದ ಮೂಟೆಯ ಅದೇ ಯೂರಿಯಾ. ಎರಡರ ಮಿಶ್ರಣವನ್ನ 500 ಡಿಗ್ರಿ ಸೆಲ್ಸಿಯಸ್‌ನ ಫರ್ನೇಸ್ ಒಳಗೆ ಇಟ್ರೆ ಕುದ್ದು, ನೊರೆಯಾಗಿ, ಹೊತ್ತಿಕೊಂಡು ಐದು ನಿಮಿಷದೊಳಗೆ ಆಲ್ಫಾ ಅಲ್ಯುಮಿನಾ ಕೈಗೆ ಬರುತ್ತೆ. ಮಾಮೂಲಿ ದಾರಿಯಲ್ಲಿ ಅದೇ ಅಲ್ಯುಮಿನಾಗೆ ಸಾವಿರ ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಬೇಕು. ಇವತ್ತು ಜಗತ್ತಿನ ಎಲ್ಲೆಲ್ಲೋ ಲ್ಯಾಬ್‌ಗಳಲ್ಲಿ "ಸೊಲ್ಯೂಶನ್ ಕಂಬಶ್ಚನ್" ಅಂತ ಮಾಡೋ ಕೆಲಸದ ಬೇರು ಯಶವಂತಪುರದಿಂದ ನಡೆದು ಹೋಗೋ ದೂರದಲ್ಲಿದೆ. ನಮ್ಮ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಈ ಮಾತು ಒಂದು ಸಾಲೂ ಇಲ್ಲ. ಹೆಮ್ಮೆ ಪಡಿ ಅಂತ ಹೇಳ್ತಿಲ್ಲ. ಎಲ್ಲಿಂದ ಬಂತು ಅಂತ ಗೊತ್ತಿದ್ರೆ ಯಾಕೆ ಹಾಗೆ ಮಾಡ್ತೀವಿ ಅನ್ನೋದೂ ಗೊತ್ತಾಗುತ್ತೆ. ಆ ಪೇಪರ್‌ನ ಫರ್ನೇಸ್‌ಗೆ 500 ಡಿಗ್ರಿ ಅನ್ನೋ ಒಂದು ನಂಬರ್ ಇತ್ತು. ನಮ್ಮ ಓವನ್‌ಗೆ ಅಂಥ ನಂಬರ್ ಇಲ್ಲ. ತೊಂದರೆ ಶುರುವಾಗೋದೇ ಅಲ್ಲಿ.

ಫರ್ನೇಸ್ ಬಿಸಿ ಪಾತ್ರೆಯ ಹೊರಗಿಂದ ಒಳಗೆ ಹೋಗುತ್ತೆ. ಮೈಕ್ರೋವೇವ್‌ನದ್ದು ಬೇರೆ. 2.45 ಗಿಗಾಹರ್ಟ್ಸ್ ಅಲೆ ದ್ರಾವಣದ ಒಳಗೇ ಹೋಗಿ ನೀರಿನ ಅಣುಗಳನ್ನ ತಿರುಗಿಸೋಕೆ ನೋಡುತ್ತೆ, ಅಯಾನುಗಳನ್ನ ಆಚೆ ಈಚೆ ಓಡಾಡಿಸುತ್ತೆ, ಹಾಗಾಗಿ ದ್ರಾವಣ ಒಳಗಿಂದಲೇ ಕಾಯುತ್ತೆ. ಮನೆಯ ಓವನ್‌ನಲ್ಲಿ ಕೆಮಿಸ್ಟ್ರಿ ಮಾಡೋದು ನಮ್ಮ ಬಡತನದ ಐಡಿಯಾ ಏನಲ್ಲ. 1986ರಲ್ಲಿ ಕೆನಡಾದ ಒಂದು ಗುಂಪು, ಅಮೆರಿಕದ ಒಂದು ಗುಂಪು ಅಡುಗೆ ಓವನ್‌ನಲ್ಲೇ ಕಾರ್ಬನಿಕ್ ಕ್ರಿಯೆಗಳನ್ನ ನಡೆಸಿ ಪೇಪರ್ ಬರೆದಿದ್ವು. ಹಾಗಾಗಿ ನಮ್ಮ ಡಬ್ಬಕ್ಕೆ ನಾಚಿಕೆ ಬೇಡ.

ಆದರೆ ಡಬ್ಬಕ್ಕೆ ಕೆಲವು ಗುಟ್ಟುಗಳಿವೆ, ಅವನ್ನ ನಾವು ನಾಲ್ಕು ಬಾಟಲಿ ಹಾಳು ಮಾಡಿ ಕಲಿತದ್ದು.

ಮೊದಲ ಗುಟ್ಟು ವ್ಯಾಟ್. ಹಿಂದಿನ ಸ್ಟಿಕ್ಕರ್‌ನಲ್ಲಿ ಎರಡು ನಂಬರ್ ಇತ್ತು, 1200 ಮತ್ತು 800. ಮೊದಲನೇದು ಕರೆಂಟಿನಿಂದ ಎಳೆಯೋದು, ಎರಡನೇದು ಒಳಗೆ ಸಿಗಬೇಕಾದ್ದು. ಸಿಗುತ್ತಾ? ಒಂದು ಲೀಟರ್ ನೀರು ಇಟ್ಟು ಸರಿಯಾಗಿ 60 ಸೆಕೆಂಡ್ ಫುಲ್ ಪವರ್ ಕೊಟ್ವಿ. 27 ಡಿಗ್ರಿ ಇದ್ದದ್ದು 36 ಆಯ್ತು. ಪಿಯುಸಿಯಲ್ಲಿ ಕಲಿತ ಲೆಕ್ಕ ಹಾಕಿದರೆ ಸುಮಾರು 630 ವ್ಯಾಟ್. ಬೀಕರ್ ಕುಡಿದ ಬಿಸಿಯನ್ನ ನಾವು ಲೆಕ್ಕಕ್ಕೆ ಹಿಡಿದಿಲ್ಲ, ಥರ್ಮಾಮೀಟರೂ ಮಾಮೂಲಿ. ಆದರೂ 800 ಅಂತ ರಿಪೋರ್ಟ್‌ನಲ್ಲಿ ಬರೆಯೋಕೆ ಕೈ ಬರಲಿಲ್ಲ. ನೀವೂ ಮಾಡಿ ನೋಡಿ, ಮೂರು ನಿಮಿಷದ ಕೆಲಸ. ಓವನ್ ಹಳೇದಾದಷ್ಟೂ ಸ್ಟಿಕ್ಕರ್‌ಗೂ ನೀರಿಗೂ ಇರೋ ವ್ಯತ್ಯಾಸ ಮಜಾ ಕೊಡುತ್ತೆ.

ಎರಡನೇ ಗುಟ್ಟು ಇನ್ನೂ ಮುಖ್ಯ. "ಮೀಡಿಯಂ" ಒತ್ತಿದರೆ ಓವನ್ ಮೆಲ್ಲಗೆ ಕಾಯಿಸುತ್ತೆ ಅಂತ ನಾವು ತಿಳಿದಿದ್ವಿ, ಗ್ಯಾಸ್ ಸ್ಟವ್ ಸಿಮ್‌ಗೆ ಇಟ್ಟ ಹಾಗೆ. ಅದು ತಪ್ಪು. ನಮ್ಮ ಥರದ ಮಾಮೂಲಿ ಓವನ್‌ನಲ್ಲಿ ಮ್ಯಾಗ್ನೆಟ್ರಾನ್ ಇದ್ರೆ ಪೂರ್ತಿ ಇರುತ್ತೆ, ಇಲ್ಲಾಂದ್ರೆ ಇಲ್ಲವೇ ಇಲ್ಲ. ಮೀಡಿಯಂ ಅಂದ್ರೆ ಸ್ವಲ್ಪ ಹೊತ್ತು ಫುಲ್, ಸ್ವಲ್ಪ ಹೊತ್ತು ಆಫ್. ಕಿವಿ ಕೊಟ್ಟು ಕೇಳಿದರೆ ಗುಂಯ್ ಅನ್ನೋ ಸದ್ದು ಬಂದು ನಿಂತು ಬಂದು ನಿಂತು ಹೋಗೋದು ಗೊತ್ತಾಗುತ್ತೆ. ಅನ್ನ ಬಿಸಿ ಮಾಡೋಕೆ ಅದು ಸಾಕು. ಆದರೆ ನಮ್ಮ ಪಾಕ ಹೊತ್ತಿಕೊಳ್ಳಬೇಕಾದ ಹೊತ್ತಿಗೆ ಸರಿಯಾಗಿ ಓವನ್ ಆರಿ ಕೂತ್ರೆ? ನಾಲ್ಕನೇ ಬ್ಯಾಚ್‌ನಲ್ಲಿ ಆದದ್ದು ಇದೇ ಇರಬೇಕು. ಉರಿ ಹತ್ತಲೇ ಇಲ್ಲ, ನಿಧಾನವಾಗಿ ಹೊಗೆಯಾಡಿ ಕಂದು ಅಂಟಾಯ್ತು. "ಇರಬೇಕು" ಅಂತ ಯಾಕೆ ಹೇಳ್ತಿದ್ದೀವಿ ಅಂದ್ರೆ ಅವತ್ತು ಜೋರು ಮಳೆ ಬೇರೆ. ಜಿಂಕ್ ನೈಟ್ರೇಟ್ ಗಾಳಿಯ ತೇವ ಎಳ್ಕೊಂಡು ಬೆಲ್ಲದ ಥರ ಒಸರುತ್ತೆ. ಮುಚ್ಚಳ ಸಡಿಲ ಇತ್ತು. ನಾವು ತೂಗಿದ 5.95 ಗ್ರಾಂನಲ್ಲಿ ಉಪ್ಪೆಷ್ಟು, ಮಳೆ ನೀರೆಷ್ಟು? ಎರಡು ತಪ್ಪನ್ನ ಒಂದೇ ದಿನ ಮಾಡಿದರೆ ಯಾವುದರಿಂದ ಕೆಟ್ಟಿತು ಅಂತ ಹೇಳೋಕಾಗಲ್ಲ. ಇದೂ ಒಂದು ಪಾಠವೇ, ದುಬಾರಿ ಪಾಠ.

ಮೂರನೇ ಗುಟ್ಟು ಜಾಗ. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಲೋಹದ ಡಬ್ಬದೊಳಗೆ ಅದು ಗೋಡೆಗೆ ಬಡಿದು ವಾಪಸ್ ಬಂದು ಕೆಲವು ಕಡೆ ಜೋರು, ಕೆಲವು ಕಡೆ ಸಪ್ಪೆ ಆಗುತ್ತೆ. ತಟ್ಟೆ ತಿರುಗೋದು ಅದಕ್ಕೇ. ಒಂದು ಒದ್ದೆ ಮಾಡಿದ ಹಪ್ಪಳವನ್ನ ತಿರುಗದ ಹಾಗೆ ಮಾಡಿ ಇಟ್ವಿ. ಎರಡು ಮೂರು ಕಡೆ ಚೆನ್ನಾಗಿ ಉಬ್ಬಿತ್ತು, ನಡುವೆ ಹಸಿ ಹಾಗೇ ಇತ್ತು. (ಹಪ್ಪಳ ಕಸದ ಬುಟ್ಟಿಗೆ ಹೋಯ್ತು. ಕೆಮಿಸ್ಟ್ರಿ ಮಾಡೋ ಓವನ್‌ನಲ್ಲಿ ಇಟ್ಟದ್ದನ್ನ ತಿನ್ನಬಾರದು. ನಮ್ಮಲ್ಲೊಬ್ಬನಿಗೆ ಇದನ್ನ ಎರಡು ಸಲ ಹೇಳಬೇಕಾಯ್ತು.) ತಟ್ಟೆ ತಿರುಗಿದರೂ ಸರಿಯಾಗಿ ನಡುಮಧ್ಯ ಇಟ್ಟ ಬಟ್ಟಲು ನಿಂತಲ್ಲೇ ತಿರುಗುತ್ತೆ, ಅಂಚಿಗೆ ಇಟ್ಟದ್ದು ಜೋರು ಸಪ್ಪೆ ಎಲ್ಲವನ್ನೂ ಸುತ್ತಿ ಬರುತ್ತೆ. ಇವೆರಡೂ ಒಂದೇ ಅಲ್ಲ.

ಈಗ ಐದನೇ ಬಾಟಲಿಗೆ ಬರ್ತೀವಿ. ಮೊದಲನೇದು ಬೂದು ಆದದ್ದಕ್ಕೆ ಕಾರಣ ಗೊತ್ತು, ಗ್ಲೈಸಿನ್ 1.67ರ ಬದಲು 1.9 ಬಿದ್ದಿತ್ತು, ಸೌದೆ ಹೆಚ್ಚಾಗಿ ಇದ್ದಿಲು ಉಳೀತು. ಮೂರು, ನಾಲ್ಕು ಹೇಳಿದ್ದಾಯ್ತು. ಎರಡನೇದು ಬಂದಾಗ ನಮ್ಮ ಸಂಭ್ರಮ ಕೇಳಬೇಡಿ. ಬಾಗಿಲು ತೆಗೆದಾಗ ನೊರೆ ಹಳದಿ ಇತ್ತು, ಕೆಟ್ಟೋಯ್ತು ಅಂತ ತಲೆ ಮೇಲೆ ಕೈ ಹೊತ್ತು ನಿಂತಿದ್ರೆ, ಕಣ್ಣೆದುರೇ ಆರ್ತಾ ಆರ್ತಾ ಬೆಳ್ಳಗಾಯ್ತು. ಜಿಂಕ್ ಆಕ್ಸೈಡ್ ಬಿಸಿ ಇದ್ದಾಗ ಹಳದಿ, ತಣ್ಣಗಾದರೆ ಬಿಳಿ. ಓದಿ ಗೊತ್ತಿತ್ತು, ನೋಡಿ ಗೊತ್ತಿರಲಿಲ್ಲ. ಐದನೇದು ಅದರ ರಿಪೀಟ್. ಅದೇ ತೂಕ, ಅದೇ ಪಿಂಗಾಣಿ ಬಟ್ಟಲು, ಅದೇ ಫುಲ್ ಪವರ್, ಒಣ ಹವೆಯ ದಿನ. ಬಂದದ್ದು ಅರ್ಧ ಬೂದು. ಯಾಕೆ? ಎರಡನೇ ಬ್ಯಾಚ್‌ನ ದಿನ ಬಟ್ಟಲನ್ನ ತಟ್ಟೆಯ ಎಲ್ಲಿ ಇಟ್ಟಿದ್ವಿ ಅಂತ ನೋಟ್‌ಬುಕ್ ತೆಗೆದ್ವಿ. ಬರೆದಿರಲಿಲ್ಲ. ಎಷ್ಟು ಮಿಲಿಲೀಟರ್ ನೀರಲ್ಲಿ ಕರಗಿಸಿದ್ವಿ? "ಸ್ವಲ್ಪ ನೀರು" ಅಂತ ಇತ್ತು. ಸ್ವಲ್ಪ ನೀರು! ಅಡುಗೆ ಶೋನಲ್ಲಿ ಹೇಳಿದ ಹಾಗೆ.

ನಮ್ಮ ಜಗಳ ಶುರುವಾದದ್ದು ಇಲ್ಲಿ. ಎಕ್ಸ್‌ಆರ್‌ಡಿ ನಮ್ಮ ಕಾಲೇಜಲ್ಲಿ ಇಲ್ಲ, ಹೊರಗೆ ಕಳಿಸಬೇಕು, ಸ್ಯಾಂಪಲ್‌ಗೆ ಇಷ್ಟು ಅಂತ ದುಡ್ಡು ಕೊಡಬೇಕು. ನಾಲ್ಕು ಜನ ಸೇರಿಸಿದ ದುಡ್ಡು ಎರಡು ಸ್ಯಾಂಪಲ್‌ಗೆ ಸಾಕು. ಇಬ್ಬರು ಹೇಳಿದ್ರು, ಎರಡನೇ ಬಾಟಲಿಯನ್ನ ಎಕ್ಸ್‌ಆರ್‌ಡಿಗೂ, ಉಳಿದ ದುಡ್ಡಲ್ಲಿ ಅದನ್ನೇ ಎಸ್‌ಇಎಂ ಫೋಟೋಗೂ ಕಳಿಸೋಣ, ಸ್ಲೈಡ್ ಚೆನ್ನಾಗಿ ಕಾಣುತ್ತೆ. ಇನ್ನಿಬ್ಬರು ಹೇಳಿದ್ದು ಎರಡನೇದು ಮತ್ತು ಐದನೇದು, ಎರಡನ್ನೂ ಎಕ್ಸ್‌ಆರ್‌ಡಿಗೇ ಕಳಿಸೋಣ ಅಂತ. ಎರಡು ಸಂಜೆ ಕ್ಯಾಂಟೀನ್‌ನಲ್ಲಿ ಮಾತು ಬಿಟ್ಟು ಕೂತಿದ್ವಿ, ಟೀ ಬೇರೆ ಬೇರೆ ಟೇಬಲ್‌ನಲ್ಲಿ.

ಫೋಟೋ ಪಕ್ಷದವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಮಾರ್ಕ್ಸ್ ಕೊಡೋರು ನೋಡೋದು ಫಲಿತಾಂಶ. ವೈವಾದಲ್ಲಿ "ನಾಲ್ಕು ಸಲ ಕೆಡ್ತು ಸರ್" ಅಂದ್ರೆ, "ಹಾಗಾದ್ರೆ ನಿಮಗೆ ಮಾಡೋಕೆ ಬರಲ್ಲ" ಅಂತ ಆಗುತ್ತೆ. ನಾವಿನ್ನೂ ಸೆಕೆಂಡ್ ಇಯರ್, ಇದು ಪಿಎಚ್‌ಡಿ ಅಲ್ಲ. ಇನ್ನೊಂದು ಮಾತೂ ಇತ್ತು: ಬೂದು ಬಂದದ್ದನ್ನ ಮಫಲ್ ಫರ್ನೇಸ್‌ನಲ್ಲಿ 500 ಡಿಗ್ರಿಗೆ ಎರಡು ಗಂಟೆ ಇಟ್ರೆ ಇದ್ದಿಲು ಸುಟ್ಟು ಬಿಳಿ ಆಗುತ್ತೆ, ಎಲ್ಲರೂ ಮಾಡೋದೇ ತಾನೆ?

ಮಾಡಬಹುದು, ಮಾಡಬಾರದು ಅಂತಿಲ್ಲ. ಆದರೆ ಆಗ ಮುಖಪುಟದ ಮೇಲಿನ "ಐದು ನಿಮಿಷದಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ" ಅನ್ನೋ ಸಾಲನ್ನ ಹೊಡೆದು ಹಾಕಬೇಕು. ಓವನ್ 1200 ವ್ಯಾಟ್ ಎಳೆದು ಐದು ನಿಮಿಷ ಓಡಿದರೆ ಖರ್ಚು ಒಂದು ಯೂನಿಟ್‌ನ ಹತ್ತನೇ ಒಂದು ಭಾಗ. ಅದೇ ಪುಡಿಯನ್ನ ಆಮೇಲೆ ಎರಡು ಗಂಟೆ ಫರ್ನೇಸ್‌ನಲ್ಲಿ ಇಟ್ಟರೆ ಉಳಿಸಿದ್ದೆಲ್ಲ ಅಲ್ಲೇ ಹೋಯ್ತು. ಜೊತೆಗೆ ಸಣ್ಣ ಹರಳುಗಳು ಆ ಎರಡು ಗಂಟೆಯಲ್ಲಿ ಒಂದಕ್ಕೊಂದು ಸೇರಿ ದೊಡ್ಡದಾಗ್ತವೆ. ಟೈಟಲ್‌ನಲ್ಲಿ ಮೈಕ್ರೋವೇವ್, ಕೆಲಸ ಮಾಡಿದ್ದು ಮಫಲ್.

"ಗ್ರೀನ್" ಅನ್ನೋ ಪದದ ಮೇಲೂ ನಮಗೆ ತಕರಾರಿದೆ. ನೈಟ್ರೇಟ್ ಸರಿಯಾಗಿ ಉರಿಯದಿದ್ದರೆ ಕಂದು ಹೊಗೆ ಬರುತ್ತೆ, ಅದು ನೈಟ್ರೋಜನ್ ಡೈಆಕ್ಸೈಡ್, ವಿಷ. ಅಡುಗೆ ಓವನ್‌ಗೆ ಅದನ್ನ ಹೊರಗೆ ಕಳಿಸೋ ವ್ಯವಸ್ಥೆ ಇಲ್ಲ, ಬಾಗಿಲು ತೆಗೆದವರ ಮುಖಕ್ಕೇ ಬರುತ್ತೆ. ಮೊದಲ ಬ್ಯಾಚ್ ದಿನ ನಾವು ಕೆಮ್ಮಿದ್ದು ನೆನಪಿದೆ. ಆಮೇಲೆ ಮೇಡಂ ಓವನ್ನನ್ನ ಫ್ಯೂಮ್ ಹುಡ್ ಒಳಗೆ ಇಡಿಸಿದ್ರು, ಈಗ ಹುಡ್ ಹತ್ತು ನಿಮಿಷ ಓಡದೆ ಬಾಗಿಲು ತೆಗೆಯೋ ಹಾಗಿಲ್ಲ. ಹಾಸ್ಟೆಲ್ ಪ್ಯಾಂಟ್ರಿ ಓವನ್‌ನಲ್ಲಿ ಟ್ರೈ ಮಾಡೋ ಯೋಚನೆ ಯಾರಿಗಾದ್ರೂ ಬಂದಿದ್ರೆ ದಯವಿಟ್ಟು ಬಿಟ್ಟುಬಿಡಿ. ಇದು ಪಟಾಕಿಯ ಸೋದರಸಂಬಂಧಿ ಅಂತ ಆಗಲೇ ಹೇಳಿದೀವಿ.

ಇನ್ನು ಎಲೆ ರಸ. ಗ್ಲೈಸಿನ್ ಬದಲು ತುಳಸಿ, ಬೇವು, ಹೊಂಗೆ ಎಲೆಯ ಕಷಾಯ ಹಾಕಿ ಮಾಡೋ ಪ್ರಾಜೆಕ್ಟ್‌ಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ, ಅದರಲ್ಲಿ ಒಳ್ಳೆಯವೂ ಇರ್ತಾವೆ. ಆದರೆ ಗ್ಲೈಸಿನ್‌ಗೆ 9 ಅಂತ ಲೆಕ್ಕ ಹಾಕಿದ ಹಾಗೆ ಹೊಂಗೆ ಎಲೆ ಕಷಾಯದ ನಂಬರ್ ಎಷ್ಟು? ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಅದು ಒಂದೇನಾ? ಅದನ್ನ ಅಳೆದವರ ಕೆಲಸಕ್ಕೆ ನಮ್ಮ ನಮಸ್ಕಾರ. ಅಳೆಯದೆ "10 ಎಂಎಲ್ ಎಲೆ ರಸ" ಅಂತ ಬರೆಯೋದು ನಮ್ಮ "ಸ್ವಲ್ಪ ನೀರಿ"ಗಿಂತ ಏನೂ ಮೇಲಲ್ಲ.

ಜಗಳಕ್ಕೆ ವಾಪಸ್ ಬಂದ್ರೆ, ಅದು ಮುಗಿದದ್ದು ಯಾರ ಭಾಷಣದಿಂದಲೂ ಅಲ್ಲ. ಫೋಟೋ ಪಕ್ಷದವನೇ ಒಂದು ದಿನ ಕೇಳಿದ: "ಮುಂದಿನ ವರ್ಷ ಜೂನಿಯರ್ಸ್ ನಮ್ಮ ರಿಪೋರ್ಟ್ ನೋಡಿ ಮಾಡಿದ್ರೆ, ಅವರಿಗೆ ಎರಡನೇ ಬಾಟಲಿ ಬರುತ್ತಾ?" ಬರಲ್ಲ. ನಮಗೇ ಎರಡನೇ ಸಲ ಬಂದಿಲ್ಲ. ನಮಗೆ ಸೀನಿಯರ್ ಕೊಟ್ಟ ರಿಪೋರ್ಟ್‌ನಲ್ಲೂ ಇದ್ದದ್ದು "ಮೈಕ್ರೋವೇವ್‌ನಲ್ಲಿ ಐದು ನಿಮಿಷ ಇಡಬೇಕು" ಅನ್ನೋ ಒಂದೇ ಸಾಲು ಮತ್ತು ಒಂದು ಬೆಳ್ಳನೆ ಪುಡಿಯ ಫೋಟೋ. ಅವರ ಡ್ರಾಯರ್‌ನಲ್ಲಿ ಎಷ್ಟು ಬೂದು ಬಾಟಲಿ ಇದ್ದವೋ ನಮಗೆ ತಿಳಿಯಲಿಲ್ಲ. ತಿಳಿದಿದ್ದರೆ ನಮ್ಮ ಒಂದು ಸೆಮಿಸ್ಟರ್‌ನ ಅರ್ಧ ಉಳಿಯೋದು, ಕೆಮ್ಮೂ ಉಳಿಯೋದು. ಕೆಟ್ಟ ಬ್ಯಾಚನ್ನ ಬಚ್ಚಿಟ್ಟರೆ ಅದರ ಬೆಲೆ ಕೊಡೋದು ನಮ್ಮ ಮಾರ್ಕ್ಸ್ ಅಲ್ಲ, ಮುಂದೆ ಅದೇ ಓವನ್ ಬಾಗಿಲು ತೆಗೆಯೋರು.

ಹಾಗಾಗಿ ಎರಡನೇದು, ಐದನೇದು ಎರಡೂ ಎಕ್ಸ್‌ಆರ್‌ಡಿಗೆ ಹೋಗಿವೆ. ಚಂದದ ಎಸ್‌ಇಎಂ ಫೋಟೋ ಇಲ್ಲ. ಪ್ಲಾಟ್ ಬಂದಮೇಲೆ ಪೀಕ್ ಅಗಲ ಅಳೆದು ಶೆರರ್ ಸೂತ್ರಕ್ಕೆ ಹಾಕ್ತೀವಿ. 1918ರ ಸೂತ್ರ, ಪೀಕ್ ಅಗಲವಾದಷ್ಟೂ ಹರಳು ಚಿಕ್ಕದು ಅನ್ನುತ್ತೆ. ಅದು ಕೊಡೋದು ಹರಳಿನ ಅಳತೆ, ಇಡೀ ಕಣದ್ದಲ್ಲ. ಹತ್ತಾರು ಹರಳು ಅಂಟಿಕೊಂಡು ಒಂದು ಕಣ ಆಗಿರಬಹುದು, ಆದ್ದರಿಂದ "ನಮ್ಮ ಕಣ ಇಷ್ಟು ನ್ಯಾನೋಮೀಟರ್" ಅಂತ ಬರೆಯಲ್ಲ ಅಂತ ಈಗಲೇ ಒಪ್ಪಂದ ಆಗಿದೆ. ರಿಪೋರ್ಟ್‌ನಲ್ಲಿ ಐದೂ ಬ್ಯಾಚ್ ಇರುತ್ತೆ, ಮಳೆ ದಿನದ್ದೂ ಸೇರಿ. ಮೇಡಂ ಓದಿ, "ವೈವಾದಲ್ಲಿ ಪ್ರಶ್ನೆ ಬರುತ್ತೆ, ರೆಡಿ ಇರಿ" ಅಂದಿದ್ದಾರೆ. ಬೇಡ ಅಂದಿಲ್ಲ.

ಓವನ್ ಪಕ್ಕ ಒಂದು 200 ಪೇಜಿನ ಲಾಂಗ್ ನೋಟ್‌ಬುಕ್ ದಾರದಲ್ಲಿ ಕಟ್ಟಿದ್ದೀವಿ. ಅಟೆಂಡರ್ ಅಣ್ಣ ಅದಕ್ಕೊಂದು ಪೆನ್ನೂ ಕಟ್ಟಿಕೊಟ್ಟಿದ್ದಾರೆ, ಯಾರೂ ಎತ್ತಿಕೊಂಡು ಹೋಗದ ಹಾಗೆ. ಮೊದಲ ಪುಟದಲ್ಲಿ ನೀರಿನ ಟೆಸ್ಟ್‌ನ ಲೆಕ್ಕ ಮತ್ತು ತಟ್ಟೆಯ ಚಿತ್ರ ಇದೆ, ತಟ್ಟೆ ಮೇಲೆ ಮಾರ್ಕರ್‌ನಲ್ಲಿ ಒಂದರಿಂದ ಆರರವರೆಗೆ ನಂಬರ್ ಹಾಕಿದ್ದೀವಿ. ಯಾವ ನಂಬರ್ ಮೇಲೆ ಇಟ್ರಿ, ಎಷ್ಟು ಎಂಎಲ್ ನೀರು, ಯಾವ ಬಟ್ಟಲು, ಎಷ್ಟನೇ ಸೆಕೆಂಡ್‌ಗೆ ಹೊತ್ತಿಕೊಳ್ತು, ಹೊಗೆ ಬಣ್ಣ ಏನು, ಹವೆ ಹೇಗಿತ್ತು ಬರೀರಿ. ಕನ್ನಡದಲ್ಲಿ ಬರೆದರೂ ನಡೆಯುತ್ತೆ, ನಮ್ಮದೆಲ್ಲ ಕನ್ನಡದಲ್ಲೇ ಇದೆ. ಆರನೇ ಬ್ಯಾಚ್ ಸೋಮವಾರ, ಮೂರನೇ ನಂಬರ್ ಮೇಲೆ, 20 ಎಂಎಲ್ ನೀರಲ್ಲಿ.